ಕೆಂಪು ಗಡಿಯಾರದ ಇಂಜಿನ್ನು

ಆ ಬೀದಿಯಲ್ಲಿ ಯಾರ ಮನೆಯ ಸಾಮಾನು ಕಾಣೆಯಾದರೂ ಜನ ಮೊದಲು ಹುಡುಕಿಕೊಂಡು ಬರುವುದು ರಿಪೇರಿಯಣ್ಣನ ಅಂಗಡಿಗೆ. ಅವನೇನೂ ಕಳ್ಳನಲ್ಲ, ಪಾಪ. ಪರರ ಮನೆಯ ಗುಂಡುಸೂಜಿಗೂ ಆಸೆಪಟ್ಟವನಲ್ಲ. ಆದರೆ ಕೆಟ್ಟ ಟಾರ್ಚು, ಗಾಳಿಗೆ ಮಗುಚಿದ ಕೊಡೆ, ಕಡ್ಡಿ ಮುರಿದ ಕನ್ನಡಕ, ಗಂಟಲು ಕಟ್ಟಿದ ಸೈಕಲ್ ಬೆಲ್ಲು, ಇಂಥವೆಲ್ಲ ಬಿಸಾಡಿದ ಜಾಗದಿಂದ ತಾವಾಗಿಯೇ ನಡೆದು ಬಂದು ಅವನ ತಗಡಿನ ಡಬ್ಬಿಯಲ್ಲಿ ಕೂತುಬಿಡುತ್ತವೆ ಎಂಬುದು ಬೀದಿಯವರ ನಂಬಿಕೆ. ಕೂತ ಮೇಲೆ ಸುಮ್ಮನಿರುತ್ತವೆಯೇ? ಕೆಲವು ತಿಂಗಳಲ್ಲಿ ಟಾರ್ಚಿನ ಉದ್ದ ಹೊಟ್ಟೆ ಬಾಯ್ಲರ್ ಆಗುತ್ತದೆ, ಬೆಲ್ಲಿನ ಟೋಪಿ ಅದರ ಬೆನ್ನ ಮೇಲಿನ ಗುಮ್ಮಟವಾಗುತ್ತದೆ, ಕನ್ನಡಕದ ಕಡ್ಡಿಗಳು ಚಕ್ರದಿಂದ ಚಕ್ರಕ್ಕೆ ಚಾಚಿಕೊಳ್ಳುವ ಸರಳುಗಳಾಗುತ್ತವೆ. ಕಡೆಗೊಂದು ದಿನ ಮೊಳದುದ್ದದ ರೈಲು ಇಂಜಿನ್ನು ಕಪಾಟಿನ ಮೇಲೆ ಬಂದು ನಿಲ್ಲುತ್ತದೆ. ಅದಕ್ಕೆ ಹಳಿಯೂ ಉಂಟು, ಕೊಡೆಯ ಕಡ್ಡಿಗಳದು.

ಹೊಟ್ಟೆಪಾಡಿಗೆ ಅವನು ಫ್ಯಾನು, ಇಸ್ತ್ರಿಪೆಟ್ಟಿಗೆ, ಹೊಲಿಗೆ ಮಿಷನ್ನುಗಳ ರಿಪೇರಿ ಮಾಡುತ್ತಾನೆ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಅದರಲ್ಲಿ ಅರ್ಧ ಅವನದು, ಅರ್ಧ ಅವನ ಹೆಂಡತಿ ಟೈಲರಕ್ಕನದು. ನಡುವೆ ಅವಳು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಮದುವೆಯಾದ ಹೊಸದರಲ್ಲಿ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ನೆಲದ ಮೇಲೆ ಗೆರೆ ಎಳೆದು, ಈ ಕಡೆಗೆ ನಿಮ್ಮದೊಂದು ನಟ್ಟೂ ದಾಟಕೂಡದು ಎಂದಿದ್ದಳು. ಆ ಗೆರೆ ಅಳಿಸಿಹೋಗಿ ಎಷ್ಟೋ ಕಾಲವಾಯಿತು. ಈಗ ಅವಳು ಹೊಲಿದ ಅಂಗಿಯ ಜೇಬಿನಲ್ಲಿ ಗಿರಾಕಿಗಳಿಗೆ ಸ್ಕ್ರೂ ಸಿಗುತ್ತದೆ; ಅವನು ರಿಪೇರಿ ಮಾಡಿದ ಫ್ಯಾನು ತಿರುಗಿದರೆ ಬಣ್ಣದ ದಾರ ಹಾರುತ್ತದೆ. ಸಂಸಾರ ಅಂದರೆ ಇದೇ ಅಲ್ಲವೇನೇ ಎಂದು ಅವನು ಹಲ್ಲು ಕಿರಿಯುತ್ತಾನೆ. ಅವಳು ಕತ್ತರಿಯನ್ನು ಸ್ವಲ್ಪ ಜೋರಾಗಿ ಆಡಿಸುತ್ತಾಳೆ.

ಅವನಿಗೊಂದು ನೇಮವಿದೆ. ಇಂಜಿನ್ನಿಗೆಂದು ಹೊಸ ಸಾಮಾನು ತರುವುದಿಲ್ಲ, ಜೀವವಿರುವ ಸಾಮಾನಿಗೆ ಕೈ ಹಚ್ಚುವುದಿಲ್ಲ. ಸತ್ತದ್ದು ಮಾತ್ರ. ಸತ್ತಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಡಾಕ್ಟರೂ ಅವನೇ ಎಂಬುದೊಂದೇ ತೊಂದರೆ. ವಸ್ತುವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ, ಕಣ್ಣು ಮುಚ್ಚುತ್ತಾನೆ, 'ಹೋಗಿದೆ' ಎನ್ನುತ್ತಾನೆ. ಹೀಗೆ ಒಂದು ಸಲ ಟೈಲರಕ್ಕನ ಮಿಷನ್ನಿನ ಬಾಬಿನ್ನುಗಳೆಲ್ಲ ಒಟ್ಟಿಗೇ 'ಹೋದವು'. ಶಾಲೆಯ ಸಮವಸ್ತ್ರಗಳು ರಾಶಿ ಬಿದ್ದಿದ್ದ ವಾರ ಅದು. ಬೆಳಿಗ್ಗೆ ಅವಳು ದಾರ ಸುತ್ತಲು ಕೂತರೆ ಬಾಬಿನ್ನುಗಳು ಕಪಾಟಿನ ಮೇಲೆ ಚಕ್ರಗಳಾಗಿ ನಿಂತಿವೆ. ಅಂದು ಆ ಕೋಣೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದು ಬೇಡ, ಓದುವವರಲ್ಲಿ ಮಕ್ಕಳೂ ಇರಬಹುದು. ಮಾತು ಮುಗಿದ ಮೇಲೆ ಒಂದು ಒಪ್ಪಂದವಾಯಿತು. ಜೀವವಿರುವ ಸಾಮಾನಿಗೆಲ್ಲ ಅವಳು ಕೆಂಪು ಉಗುರುಬಣ್ಣದ ಚುಕ್ಕೆ ಇಡತಕ್ಕದ್ದು. ಚುಕ್ಕೆ ಇದ್ದದ್ದನ್ನು ಅವನು ಮುಟ್ಟತಕ್ಕದ್ದಲ್ಲ.

ಅಂದಿನಿಂದ ಆ ಮನೆಯಲ್ಲಿ ಚುಕ್ಕೆಯಿಲ್ಲದ್ದು ಗೋಡೆಯೊಂದೇ. ಕುಕ್ಕರಿನ ವಿಷಲ್ಲಿಗೆ ಚುಕ್ಕೆ, ನಲ್ಲಿಯ ತಿರುಪಿಗೆ ಚುಕ್ಕೆ, ಬಾಗಿಲ ಚಿಲಕಕ್ಕೂ ಚುಕ್ಕೆ. ಒಮ್ಮೆ ಅವನು ಜ್ವರ ಬಂದು ವಾರಗಟ್ಟಲೆ ಮಲಗಿದ್ದ. ಜ್ವರ ಇಳಿದು ಕಣ್ಣು ಬಿಟ್ಟು ನೋಡಿದರೆ ತನ್ನ ಹೆಬ್ಬೆರಳಿನ ಉಗುರಿನ ಮೇಲೂ ಕೆಂಪು ಚುಕ್ಕೆ. ಇದೇನೆಂದು ಕೇಳಿದ್ದಕ್ಕೆ, ಇನ್ನೂ ಉಪಯೋಗಕ್ಕೆ ಬರೋ ಸಾಮಾನು, ಯಾರಾದರೂ ತಗೊಂಡು ಹೋದರೆ ಎಂದು ಅವಳು ಮುಖ ತಿರುಗಿಸಿಕೊಂಡಳು. ಆ ಬಣ್ಣ ತಾನಾಗಿ ಹೋಗುವವರೆಗೂ ಅವನು ಅದನ್ನು ಉಜ್ಜಲಿಲ್ಲ.

ಇಷ್ಟೆಲ್ಲ ಸುಖವಿದ್ದರೂ ರಿಪೇರಿಯಣ್ಣನಿಗೆ ಒಂದು ಕೊರಗಿತ್ತು. ಆ ಕೊರಗು ಎದುರು ಮನೆಯಲ್ಲೇ ವಾಸವಾಗಿತ್ತು. ಹೆಂಡತಿಯ ತಂದೆ, ಡ್ರೈವರ್ ಮಾವ. ಬಸ್ಸಿನ ಡ್ರೈವರಲ್ಲ, ಉಗಿ ಕಾರುವ ನಿಜವಾದ ರೈಲು ಇಂಜಿನ್ನಿನ ಡ್ರೈವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅಂಗೈ ಗೆರೆಗಳಲ್ಲಿ ಕಲ್ಲಿದ್ದಲ ಕಪ್ಪು ಹಾಗೇ ಉಳಿದಿತ್ತು. ಊಟಕ್ಕೆ ಅವರು ಮಗಳ ಮನೆಗೇ ಬರುತ್ತಿದ್ದರು. ಬರುವಾಗಲೂ ಹೋಗುವಾಗಲೂ ಅಂಗಡಿಯ ಕಪಾಟನ್ನು ದಾಟಿಯೇ ಹೋಗಬೇಕು. ಆದರೆ ಅಲ್ಲಿ ಸಾಲಾಗಿ ನಿಂತ ಇಂಜಿನ್ನುಗಳ ಕಡೆ ಕತ್ತು ತಿರುಗುತ್ತಿರಲಿಲ್ಲ. ಅಳಿಯನಿಗೆ ಮರ್ಯಾದೆ ಕಡಿಮೆ ಮಾಡಿದವರೂ ಅಲ್ಲ, ಬಹುವಚನ ಬಿಟ್ಟು ಮಾತಾಡಿದವರೂ ಅಲ್ಲ. ಅಳಿಯಂದ್ರೇ, ನಿಮ್ಮ ಸಾಮಾನಿನ ಮೇಲೆ ಧೂಳು ಕೂತಿದೆ ಎನ್ನುತ್ತಿದ್ದರು, ಅಷ್ಟೇ. ಸಾಮಾನಂತೆ! ಅಳಿಯ ಮಾಡಿದ್ದನ್ನು ಇಂಜಿನ್ನು ಎಂದು ಅವರ ಬಾಯಿ ಒಮ್ಮೆಯೂ ಕರೆದದ್ದಿಲ್ಲ. ಆ ಒಂದು ಮಾತಿಗೆ ರಿಪೇರಿಯಣ್ಣ ಮದುವೆಯಾದಂದಿನಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ. ಬೀದಿಯೆಲ್ಲ ಸೇರಿ ಹೊಗಳಿದರೂ ಅವನಿಗೆ ಸಪ್ಪೆ.

ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟ. ಮಾವ ಕೈ ತೊಳೆದು, ಬೆರಳು ಬೆರಳೂ ಒರೆಸಿಕೊಂಡು, ನಿಧಾನವಾಗಿ ಹೇಳಿದರು.

"ತಾನಾಗಿ ಹೋದ್ರೆ ಇಂಜಿನ್ನು, ಅಳಿಯಂದ್ರೇ. ತಳ್ಳಿದ್ರೆ ಹೋಗೋದು ಕೈಗಾಡಿ."

ಮಾತು ನಿಜವೇ. ಅವನ ಇಂಜಿನ್ನುಗಳನ್ನು ಬೆರಳಿನಿಂದ ತಳ್ಳಬೇಕಾಗಿತ್ತು. ಹಟ ಹುಟ್ಟಿತು. ಹಾಳಾದ ಟೇಪ್ ರೆಕಾರ್ಡರಿನಿಂದ ಮೋಟಾರು ಕಿತ್ತು ಕೂರಿಸಿದ, ಸೆಲ್ಲು ಸಿಕ್ಕಿಸಿದ, ಹಳಿಯ ಮೇಲೆ ಬಿಟ್ಟ. ಓಡಿತು. ಮಾವ ಊಟದ ಮನೆಯಿಂದಲೇ ಕಿವಿಗೊಟ್ಟು ಕೇಳಿ, ಉಗಿಗಾಡಿ ಹೆಜ್ಜೆ ಹಾಕಿಕೊಂಡು ಹೋಗುತ್ತದೆ, ಗುಂಯ್ ಅನ್ನುವುದು ಸೊಳ್ಳೆ ಎಂದು ಮಜ್ಜಿಗೆಯ ಲೋಟ ಕೆಳಗಿಟ್ಟು ಹೊರಟುಹೋದರು. ರಿಪೇರಿಯಣ್ಣ ಇಂಗು ತಿಂದ ಮಂಗನಂತೆ ಕೂತ. ಅಪ್ಪನ ಕಿವಿಯೇ ಹಾಗೆ, ನಾನು ಹಾಡಿದರೂ ಹೀಗೇ ಅನ್ನುತ್ತಿದ್ದರು ಎಂದು ಹೆಂಡತಿ ಸಮಾಧಾನ ಹೇಳಿದಳು. ಅವಳು ಹಾಡುವುದನ್ನು ಅವನೂ ಕೇಳಿದ್ದನಾದ್ದರಿಂದ ಆ ಸಮಾಧಾನ ಅಷ್ಟಾಗಿ ತಾಗಲಿಲ್ಲ.

ಹೀಗಿರುವಾಗ ಮಾವನ ಅಲಾರಂ ಗಡಿಯಾರ ನಿಂತಿತು. ಕೀಲಿ ಕೊಡುವ ಗಡಿಯಾರ. ಮೈಯೆಲ್ಲ ಕೆಂಪು, ತಲೆಯ ಮೇಲೆ ಜೋಡಿ ಗಂಟೆ. ಕೆಲಸದಲ್ಲಿದ್ದಾಗ ನಸುಕಿನ ಡ್ಯೂಟಿಗೆ ಅವರನ್ನು ಎಬ್ಬಿಸುತ್ತಿದ್ದದ್ದು ಅದೇ. ಈಗ ಎದ್ದು ಆಗಬೇಕಾದದ್ದು ಏನೂ ಇಲ್ಲದಿದ್ದರೂ ಅದು ಕಿರುಚದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಅದನ್ನು ಪೇಪರಿನಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, ಪೇಟೆಯ ಗಡಿಯಾರದವನಿಗೆ ಕೊಡು, ಯಾವ ಕಾರಣಕ್ಕೂ ಅಳಿಯಂದ್ರ ಕಣ್ಣಿಗೆ ಬೀಳಬಾರದು ಎಂದು ಪಿಸುಗುಟ್ಟಿ ಹೋದರು. ಅವಳು ಜಾಣೆ. ಎಲ್ಲದಕ್ಕೂ ಇರಲಿ ಎಂದು ಗಡಿಯಾರದ ಬೆನ್ನಿಗೊಂದು ಚುಕ್ಕೆ ಇಟ್ಟು, ಮೇಲಿನ ಅಟ್ಟಣಿಗೆಯಲ್ಲಿ ಬಟ್ಟೆಯ ಸುರುಳಿಗಳ ಹಿಂದೆ ಬಚ್ಚಿಟ್ಟಳು. ಆಮೇಲೆ ಹೊಲಿಗೆಯ ಗಡಿಬಿಡಿಯಲ್ಲಿ ಪೂರ್ತಿ ಮರೆತಳು.

ಮರೆತದ್ದೂ ಸರಿ, ಆದರೆ ಆ ಅಟ್ಟಣಿಗೆಗೆ ಗಂಡನನ್ನು ಹತ್ತಿಸಿದ್ದೂ ಅವಳೇ. ರೀ, ಆ ಒಳಪದರದ ಬಟ್ಟೆ ಸ್ವಲ್ಪ ಇಳಿಸಿಕೊಡಿ ಎಂದು ಮಿಷನ್ನಿನಿಂದ ತಲೆ ಎತ್ತದೆ ಹೇಳಿದಳು. ಅವನು ಸ್ಟೂಲು ಹತ್ತಿ ಬಟ್ಟೆಯ ಸುರುಳಿ ಎಳೆದ. ಹಿಂದೆ ಪೇಪರಿನ ಗಂಟು. ಬಿಚ್ಚಿದರೆ ಗಡಿಯಾರ. ಮಾವನ ಮಲಗುವ ಕೋಣೆಗೆ ಅಳಿಯ ಎಂದೂ ಕಾಲಿಟ್ಟವನಲ್ಲವಾದ್ದರಿಂದ ಅದು ಯಾರದೆಂದು ಅವನಿಗೆ ತಿಳಿಯುವ ದಾರಿಯಿರಲಿಲ್ಲ. ನಿಯತ್ತಿನ ಮನುಷ್ಯ, ಮೊದಲು ಚುಕ್ಕೆ ಹುಡುಕಿದ. ಮುಂದೆ ನೋಡಿದ, ಹಿಂದೆ ನೋಡಿದ, ತಲೆಕೆಳಗು ಮಾಡಿ ನೋಡಿದ. ಎಲ್ಲಿಯೂ ಇಲ್ಲ. ಕಿವಿಗಿಟ್ಟು ಅಲ್ಲಾಡಿಸಿದ. ಹೋಗಿದೆ. ಒಳಪದರದ ಬಟ್ಟೆ ಹೆಂಡತಿಯ ಕಡೆಗೆ ಹೋಯಿತು, ಗಡಿಯಾರ ಅವನ ಕಡೆಗೆ ಹೋಯಿತು.

ಬಿಚ್ಚಿ ನೋಡಿದವನಿಗೆ ಖುಷಿಯಿಂದ ಮೈ ಜುಮ್ಮೆಂದಿತು. ಹಲ್ಲುಚಕ್ರವೊಂದು ಸವೆದಿತ್ತು, ಅಷ್ಟೇ, ಸ್ಪ್ರಿಂಗು ಗಟ್ಟಿಮುಟ್ಟಾಗಿತ್ತು. ಕೀಲಿ ಕೊಟ್ಟರೆ ಒಮ್ಮೆಗೇ ಬಿಚ್ಚಿಕೊಂಡು ಹಾರುವ ಸ್ಪ್ರಿಂಗಲ್ಲ, ಟಕ್ ಟಕ್ ಎಂದು ಅಳೆದು ಸುರಿದು ಕೊಡುವ ಗಡಿಯಾರದ ಸ್ಪ್ರಿಂಗು. ಹೆಜ್ಜೆ ಹಾಕಬೇಕು ಅಂದರಲ್ಲ ಮಾವ, ಇಗೋ ಹೆಜ್ಜೆ ಎಂದುಕೊಂಡ. ಸವೆದ ಚಕ್ರದ ಜಾಗಕ್ಕೆ ಹಳೇ ಕರೆಂಟು ಮೀಟರಿನ ಚಕ್ರ ಬಂತು. ಟಾರ್ಚಿನ ಹೊಟ್ಟೆಯೊಳಗೆ ಸ್ಪ್ರಿಂಗು ಕೂತಿತು, ಅಡಿಯಿಂದ ಹಲ್ಲುಚಕ್ರಗಳು ಇಳಿದು ದೊಡ್ಡ ಚಕ್ರವನ್ನು ಹಿಡಿದವು. ಕೆಲವು ದಿನ ಅವನಿಗೆ ಊಟ ಬೇಡ, ಮಾತು ಬೇಡ. ಇಸ್ತ್ರಿಪೆಟ್ಟಿಗೆ ಬಿಟ್ಟುಹೋದ ಗಿರಾಕಿಗಳು ಸುಕ್ಕು ಅಂಗಿಯಲ್ಲೇ ತಿರುಗಾಡಿದರು. ಕೊನೆಗೊಂದು ಮಧ್ಯಾಹ್ನ ಹೆಂಡತಿ ಬಟ್ಟೆ ಕೊಟ್ಟುಬರಲು ಹೋಗಿದ್ದಾಗ ಅವಳ ಮೇಜಿನ ಮೇಲೆ ಹಳಿ ಹಾಸಿ, ಕೀಲಿ ಕೊಟ್ಟು, ಕೈ ಬಿಟ್ಟ.

ಹೋಯಿತು. ಯಾರೂ ತಳ್ಳದೆ, ಯಾರ ಹಂಗೂ ಇಲ್ಲದೆ, ಕನ್ನಡಕದ ಕಡ್ಡಿಗಳನ್ನು ಮುಂದಕ್ಕೂ ಹಿಂದಕ್ಕೂ ಆಡಿಸುತ್ತಾ, ಚಕ್ ಚಕ್ ಚಕ್ ಎಂದು ಒಂದೊಂದೇ ಹೆಜ್ಜೆ ಹಾಕುತ್ತಾ ಮೇಜಿನ ಆ ಕೊನೆಗೆ ಹೋಯಿತು. ರಿಪೇರಿಯಣ್ಣ ಖಾಲಿ ಕೋಣೆಯಲ್ಲಿ ನಿಂತು ನಕ್ಕ. ಮತ್ತೆ ಕೀಲಿ ಕೊಟ್ಟ, ಮತ್ತೆ ನಕ್ಕ. ಅಂದೇ ಮಾವನ ಬಳಿ ಹೋಗಿ, ಭಾನುವಾರ ಊಟವಾದ ಮೇಲೆ ಒಂದು ಸಾಮಾನು ತೋರಿಸುವುದಿದೆ ಮಾವ ಎಂದ. ಬೇಕೆಂದೇ ಸಾಮಾನು ಎಂದ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಮಗಳನ್ನು ಕೇಳಿದರು.

"ಮಗಳೇ, ನನ್ನ ಕೆಂಪು ಗಡಿಯಾರ ಬಂತೇನಮ್ಮ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ರಿಪೇರಿಯಣ್ಣ ತಟ್ಟನೆ ಅಂಗಡಿಯ ಬಾಗಿಲ ಕಡೆ ನೋಡಿದ. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೆಂಡತಿ ಮೊದಲು ಅಟ್ಟಣಿಗೆಯನ್ನು ನೆನೆದಳು, ಆಮೇಲೆ ಒಳಪದರದ ಬಟ್ಟೆಯನ್ನು ನೆನೆದಳು, ಆಮೇಲೆ ಗಂಡನ ಮುಖ ನೋಡಿದಳು. ಇನ್ನೇನೂ ಕೇಳುವ ಅಗತ್ಯ ಬೀಳಲಿಲ್ಲ. ಇನ್ನೆರಡು ದಿನದಲ್ಲಿ ಬರುತ್ತದೆ ಅಪ್ಪ ಎಂದು ಸಾರು ಬಡಿಸಿದಳು. ಅದಿಲ್ಲದೆ ತನಗೆ ಹೊತ್ತೇ ತಿಳಿಯುತ್ತಿಲ್ಲ, ಯಾವಾಗಲೋ ಏಳುತ್ತೇನೆ, ಯಾವಾಗಲೋ ಮಲಗುತ್ತೇನೆ ಎಂದು ಮಾವ ಪೇಚಾಡಿಕೊಂಡರು.

ಅವರ ಬೆನ್ನು ಬಾಗಿಲು ದಾಟಿದ್ದೇ ತಡ, ವಿಚಾರಣೆ ಶುರುವಾಯಿತು. ಚುಕ್ಕೆ ಇಟ್ಟಿದ್ದೆ ಎಂದು ಅವಳು, ಇರಲಿಲ್ಲ ಎಂದು ಅವನು. ಹಾಗಾದರೆ ತೋರಿಸು ಎಂದು ಗಡಿಯಾರದ ಖಾಲಿ ಚಿಪ್ಪನ್ನು ತಂದು ಅವಳ ಮುಂದಿಟ್ಟ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಆಚೆ ಈಚೆ ಓರೆ ಮಾಡಿದಳು. ಬೆನ್ನ ಮೇಲೆ ಒಂದು ಕಡೆ ಪುಟ್ಟದೊಂದು ಹೊಳಪು. ಚುಕ್ಕೆ ಇತ್ತು. ಕೆಂಪು ಗಡಿಯಾರದ ಮೇಲೆ ಕೆಂಪು ಚುಕ್ಕೆ.

ಟೈಲರಕ್ಕ ಅಲ್ಲೇ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವನಿಗೆ ನಗು ಬರಲಿಲ್ಲ. ಇಷ್ಟು ಕಾಲ ಕಾಪಾಡಿಕೊಂಡು ಬಂದ ನೇಮ ಮುರಿದಿತ್ತು. ಅದೂ ಯಾರ ಸಾಮಾನು? ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ, ಅಪ್ಪ ನಿಮ್ಮನ್ನೇನು ನುಂಗುತ್ತಾರಾ ಎಂದಳು ಅವಳು. ನುಂಗಿದರೆ ಪರವಾಗಿಲ್ಲವಾಗಿತ್ತು, ಬಹುವಚನದಲ್ಲಿ ಮಾತಾಡಿಸುತ್ತಾರಲ್ಲ ಎಂದ ಅವನು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಆ ಸಂಜೆ ಗುಜರಿ ಅಂಗಡಿಗೆ ಓಡಿದ. ಅಂಥದೇ ಇನ್ನೊಂದು ಸ್ಪ್ರಿಂಗು ಸಿಕ್ಕಿದರೆ ಗಡಿಯಾರವೂ ಉಳಿಯಿತು, ಇಂಜಿನ್ನೂ ಉಳಿಯಿತು. ಗುಜರಿಯವನು ಗಡಿಯಾರಗಳ ಒಂದು ಗುಡ್ಡೆಯನ್ನೇ ಸುರಿದ. ಎಲ್ಲ ಸೆಲ್ಲಿನವು, ಹೊಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ಕು. ಸ್ಪ್ರಿಂಗಿನ ಗಡಿಯಾರ ಈಗ ಯಾರು ಬಿಸಾಡುತ್ತಾರಣ್ಣ, ಇಟ್ಟುಕೊಂಡವರು ಇಟ್ಟುಕೊಂಡೇ ಇರುತ್ತಾರೆ ಎಂದ ಅವನು. ಅದು ಗೊತ್ತಿದ್ದ ಮಾತೇ, ಸ್ವಲ್ಪ ತಡವಾಗಿ ಕೇಳಿಸಿತು.

ಭಾನುವಾರ ಬೆಳಿಗ್ಗೆ ಅವನು ಇಂಜಿನ್ನನ್ನು ಮೇಜಿನ ಮೇಲೆ ಮಗುಚಿಟ್ಟು ಸ್ಕ್ರೂಡ್ರೈವರ್ ಹಿಡಿದು ಕೂತ. ಬಿಚ್ಚಿ, ಸ್ಪ್ರಿಂಗನ್ನು ಮತ್ತೆ ಗಡಿಯಾರಕ್ಕೆ ಸೇರಿಸಿ, ಮೀಟರಿನ ಚಕ್ರದ ಸಮೇತ ಮಾವನಿಗೆ ಕೊಟ್ಟುಬಿಡುವುದು. ಅವರಿಗೆ ಬೆಳಗಾಗಲಿ, ಸಾಕು. ಇಂಜಿನ್ನು ಮತ್ತೆ ಕೈಗಾಡಿಯಾಗುತ್ತದೆ. ಅವನಿಗೆ ನಿಜವಾಗಿ ಅಳು ಬಂದಿತ್ತು. ಬೇರೆ ಯಾರ ಗಡಿಯಾರವಾಗಿದ್ದರೂ ಕಾಲು ಹಿಡಿದು ಬೇಡಿಕೊಳ್ಳುತ್ತಿದ್ದ. ಹೆಂಡತಿ ಮಿಷನ್ನಿನ ಮುಂದೆ ಸುಮ್ಮನೆ ಕೂತು ನೋಡುತ್ತಿದ್ದಳು, ಇವತ್ತು ತಮಾಷೆ ಮಾಡುವ ಮನಸ್ಸು ಅವಳಿಗೂ ಇರಲಿಲ್ಲ. ಮೊದಲ ಸ್ಕ್ರೂ ಸಡಿಲವಾಗುತ್ತಿದ್ದಂತೆ ಬಾಗಿಲಲ್ಲಿ ನೆರಳು ಬಿತ್ತು.

ಮಾವ. ಮಧ್ಯಾಹ್ನದ ಊಟಕ್ಕೆ ಬೆಳಿಗ್ಗೆಯೇ ಬಂದಿದ್ದರು. ಗಡಿಯಾರವಿಲ್ಲದ ಮನುಷ್ಯ, ಹೊತ್ತು ತಿಳಿಯದೆ ಹಸಿದಾಗ ಎದ್ದು ಬಂದಿದ್ದರು. ಅವರ ಕಣ್ಣು ನೇರವಾಗಿ ಮೇಜಿನ ಮೇಲಿದ್ದ ಕೆಂಪು ಚಿಪ್ಪಿನ ಮೇಲೆ ಬಿತ್ತು. ಅದನ್ನು ಕೈಗೆತ್ತಿಕೊಂಡರು, ಒಳಗೆ ಬೆರಳು ಹಾಕಿ ನೋಡಿದರು. ಆ ಕಡೆಯಿಂದ ಬೆರಳು ಹೊರಗೆ ಬಂತು.

"ಇದರ ಹೊಟ್ಟೆಯೊಳಗಿದ್ದದ್ದು ಎಲ್ಲಿ, ಅಳಿಯಂದ್ರೇ?"

 ರಿಪೇರಿಯಣ್ಣ ಇಂಜಿನ್ನಿನ ಕಡೆ ಕೈ ತೋರಿಸಿದ. ಅಟ್ಟಣಿಗೆ, ಚುಕ್ಕೆ, ಕೆಂಪಿನ ಮೇಲೆ ಕೆಂಪು, ಎಲ್ಲವನ್ನೂ ಹೆಂಡತಿಯೇ ಹೇಳಬೇಕಾಯಿತು. ತನ್ನ ಪಾಲಿನ ತಪ್ಪನ್ನು ಸ್ವಲ್ಪ ಚಿಕ್ಕದು ಮಾಡಿ, ಗಂಡನದನ್ನು ಅದಕ್ಕಿಂತಲೂ ಚಿಕ್ಕದು ಮಾಡಿ ಹೇಳಿದಳು. ಈಗಲೇ ಬಿಚ್ಚಿ ಕೊಡುತ್ತೇನೆ ಮಾವ, ಸಂಜೆಯೊಳಗೆ ಮೊದಲಿನ ಹಾಗೇ ಆಗುತ್ತದೆ ಎಂದು ಅವನು ತೊದಲಿದ. ಮಾವ ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಮಗುಚಿ ಬಿದ್ದಿದ್ದ ಇಂಜಿನ್ನಿನ ಚಕ್ರವನ್ನು ಬೆರಳಿನಿಂದ ಒಮ್ಮೆ ತಿರುಗಿಸಿದರು. ಚಕ್ ಎಂದಿತು.

ಬಿಚ್ಚುವುದು ಆಮೇಲೆ, ಮೊದಲು ಓಡಿಸಿ ಎಂದರು.

ಟೈಲರಕ್ಕ ಕತ್ತರಿಸಿಟ್ಟ ಬಟ್ಟೆಗಳನ್ನೆಲ್ಲ ಬಾಚಿ ನೆಲಕ್ಕೆ ಹಾಕಿದಳು. ಹಾಗೆ ಅವಳು ಹಿಂದೆಂದೂ ಮಾಡಿದವಳಲ್ಲ. ಅವನು ಕೊಡೆಯ ಕಡ್ಡಿಗಳನ್ನು ಹಾಸಿದ. ಮಾವ ಅವಳ ಗಿಡ್ಡ ಸ್ಟೂಲನ್ನು ಎಳೆದುಕೊಂಡು ಮೇಜಿನ ಮಗ್ಗುಲಿಗೆ ಕೂತರು. ಈಗ ಅವರ ಕಣ್ಣು ಹಳಿಯ ಮಟ್ಟಕ್ಕಿತ್ತು. ರಿಪೇರಿಯಣ್ಣ ಕೀಲಿ ಕೊಟ್ಟು ಬಿಟ್ಟ.

ಚಕ್ ಚಕ್ ಚಕ್ ಎಂದು 'ಸಾಮಾನು' ಹೊರಟಿತು. ಮಾವನ ಕತ್ತು ಅದರ ಜೊತೆಯಲ್ಲೇ ತಿರುಗಿತು, ಬಂದಾಗ ಆ ಕಡೆಯಿಂದ, ಎದುರಿಗೆ ಹಾದಾಗ ನೇರ, ಆಮೇಲೆ ಈ ಕಡೆಗೆ. ಎಲ್ಲ ಸರಿಯಾಗಿಯೇ ಇತ್ತು, ಸಡಿಲವಾದ ಸ್ಕ್ರೂ ಒಂದನ್ನು ಬಿಟ್ಟು. ಗಾಬರಿಯಲ್ಲಿ ಅವನು ಅದನ್ನು ಬಿಗಿಮಾಡುವುದನ್ನು ಮರೆತಿದ್ದ. ಮೇಜಿನ ಅಂಚಿನ ಹತ್ತಿರ ಒಂದು ಚಕ್ರ ಕಳಚಿ ಟಣ್ಣೆಂದು ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು. ಅಯ್ಯೋ ಎಂದು ರಿಪೇರಿಯಣ್ಣ ಮೇಜಿನ ಕೆಳಗೆ ನುಗ್ಗಿದ. ಬಟ್ಟೆಯ ತುಂಡುಗಳನ್ನು ಕೆದರುತ್ತಾ, ದಾರದ ಉಂಡೆಗಳ ನಡುವೆ ತಲೆ ತೂರಿಸಿ ಚಕ್ರ ಹುಡುಕತೊಡಗಿದ.

ಸರಿಯಾಗಿ ಆ ಹೊತ್ತಿನಲ್ಲಿ ಮಾವ ಮಗಳ ಕಡೆ ತಿರುಗಿದರು.

"ನೀನೂ ನಿಮ್ಮಮ್ಮನೂ ರೈಲು ಗೇಟಿನ ಹತ್ರ ನಿಂತು ಕೈ ಬೀಸ್ತಿದ್ರಲ್ಲ. ನಾನು ಯಾವಾಗ್ಲೂ ಒಳಗೇ ಇದ್ದೆ ಕಣಮ್ಮ. ನನ್ನ ಕಣ್ಣಿಗೆ ಬರೀ ಹಳಿ, ಬೆಂಕಿ. ನಿಮಗೆ ನನ್ನ ಇಂಜಿನ್ನು ಹೀಗೆ ಕಾಣ್ತಿತ್ತಾ, ಈ ಇಂಜಿನ್ನು ಕಂಡ ಹಾಗೆ?"

ಅವಳು ಮೇಜಿನ ಅಂಚಿನಲ್ಲಿ ಓರೆಯಾಗಿ ನಿಂತಿದ್ದ ಇಂಜಿನ್ನನ್ನು ನೆಟ್ಟಗೆ ಮಾಡಿದಳು. 

"ಹೂಂ ಅಪ್ಪ, ಹೀಗೇ. ಆದ್ರೆ ಇದಕ್ಕಿಂತ ಬೇಗ ಹೋಗಿಬಿಡ್ತಿತ್ತು."

ಮಾವ ತಲೆಯಾಡಿಸಿದರು. ಅಂಗೈಯಿಂದ ಒಮ್ಮೆ ಮುಖ ಒರೆಸಿಕೊಂಡರು. ರಿಪೇರಿಯಣ್ಣ ತಲೆಗೆ ದಾರ ಸುತ್ತಿಕೊಂಡು, ಕೈಯಲ್ಲಿ ಚಕ್ರ ಹಿಡಿದು ಮೇಜಿನಡಿಯಿಂದ ಹೊರಗೆ ಬಂದು, ಏನೋ ಅಂದಿರಲ್ಲ ಮಾವ ಎಂದು ಕೇಳಿದ. ಊಟಕ್ಕೆ ಎಷ್ಟು ಹೊತ್ತಾಗುತ್ತದೆ ಅಂದೆ ಎಂದರು ಅವರು.

ಗಡಿಯಾರದ ವಿಷಯ ಹೊರಡುವಾಗ ಇತ್ಯರ್ಥವಾಯಿತು. ಓಡುತ್ತಿರುವುದನ್ನು ಬಿಚ್ಚುವುದು ಬೇಡ ಎಂದರು ಮಾವ. ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಡಿಯಾರ ಕೊಳ್ಳುವ ಮುಂಚೆ, ಇಂಜಿನ್ನು ನಿಲ್ಲುವ ಶೆಡ್ಡಿನಿಂದ ಒಬ್ಬ ಆಳು ನಸುಕಿಗೆ ಬಂದು ಡ್ರೈವರುಗಳ ಕಿಟಕಿ ಬಡಿದು ಎಬ್ಬಿಸುತ್ತಿದ್ದನಂತೆ. ಗಡಿಯಾರದ ಹೊಟ್ಟೆ ಬಗೆದವರು ನೀವು, ನಾಳೆಯಿಂದ ಆ ಡ್ಯೂಟಿಯೂ ನಿಮ್ಮದೇ ಅಳಿಯಂದ್ರೇ ಎಂದು ಚಪ್ಪಲಿ ಮೆಟ್ಟಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ಟೈಲರಕ್ಕ ಗಂಡನಿಗೆ ಕೇಳುವಷ್ಟೇ ಮೆಲ್ಲಗೆ ಅಂದಳು.

ಸಂಜೆ ಅವಳು ನಡೆದದ್ದನ್ನೆಲ್ಲ ಹೇಳಿದಳು. ಇಂಜಿನ್ನು ಅಂದರು ಕಣ್ರೀ, ನೀವು ಮೇಜಿನ ಕೆಳಗಿದ್ದಾಗ ಅಂದರು. ಅವನು ನಂಬಲಿಲ್ಲ. ತನ್ನನ್ನು ಸಮಾಧಾನ ಮಾಡಲು ಕಟ್ಟಿದ ಕತೆ ಎಂದುಕೊಂಡ. ಅವಳು ಹಾಗೆ ಕಟ್ಟುವವಳೇ. ಇಷ್ಟು ವರ್ಷ ಕಿವಿ ನೆಟ್ಟಗೆ ಮಾಡಿಕೊಂಡು ಕಾದ ಮಾತು, ತಲೆ ಬಟ್ಟೆಯ ರಾಶಿಯಲ್ಲಿ ಹುದುಗಿದ್ದಾಗಲೇ ಬರುತ್ತದೆಯೇ? ನಾನು ಅಷ್ಟು ದುರದೃಷ್ಟದವನಲ್ಲ ಬಿಡೇ ಎಂದು ಮಗ್ಗುಲಾದ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಣ್ಣುಜ್ಜಿಕೊಂಡು, ಹೆಗಲ ಮೇಲೆ ಟವಲು ಹಾಕಿಕೊಂಡು ಬೀದಿ ದಾಟಿದ. ಮಾವನ ಕಿಟಕಿಯನ್ನು ಹಗುರಾಗಿ ಬಡಿದ. ಸದ್ದಿಲ್ಲ. ಸ್ವಲ್ಪ ಜೋರಾಗಿ ಬಡಿದ. ಒಳಗೆ ಮಂಚ ಕಿರ್ರೆಂದಿತು, ಕೆಮ್ಮು ಕೇಳಿಸಿತು.

"ಯಾರು? ಇಂಜಿನ್ನು ರೆಡಿನಾ?"

ರಿಪೇರಿಯಣ್ಣ ಕಿಟಕಿಯ ಸರಳು ಹಿಡಿದು ನಿಂತ. ನಿದ್ದೆಗಣ್ಣಿನ ಮಾತಿರಬೇಕು, ಪಾಪ, ಹಳೆಯ ಶೆಡ್ಡಿನ ಆಳೆಂದುಕೊಂಡಿರಬೇಕು. ಇನ್ನೊಮ್ಮೆ ಬಡಿಯಲು ಕೈ ಎತ್ತಿದ. ಕಿಟಕಿಯ ಬಾಗಿಲು ಅರ್ಧ ತೆರೆಯಿತು. ಮಾವ ಪೂರ್ತಿ ಎಚ್ಚರವಾಗಿಯೇ ಇದ್ದರು.

"ಕೇಳಿಸ್ಲಿಲ್ವಾ, ಅಳಿಯಂದ್ರೇ? ಆ ಚಕ್ರ ಕೂರಿಸಿದ್ರಾ? ನಿಮ್ಮ ಇಂಜಿನ್ನು ರೆಡಿನಾ ಅಂದೆ."

ರೆಡಿ ಮಾವ ಎಂದು ಅವನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.